ಬಾಗಿಲ ಹಿಂದಿನ ಮೊಳೆ

ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಮುಂಬಯಿಯ ನಕ್ಷೆ ಇರುತ್ತದೆ. ನಮ್ಮ ಯಜಮಾನರ ನಕ್ಷೆಯಲ್ಲಿರುವುದು ಬರೀ ವಡಾಪಾವಿನ ಗಾಡಿಗಳು. ಯಾವ ಸ್ಟೇಷನ್ನಿನಲ್ಲಿ ಯಾವ ಕಡೆಗೆ ಇಳಿದರೆ ಒಣ ಚಟ್ನಿಯನ್ನು ಕೈಬಿಚ್ಚಿ ಹಾಕುತ್ತಾರೆ ಎಂಬುದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನನ್ನ ನಕ್ಷೆ ಯಾವುದೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಐವತ್ತೆರಡು ತುಂಬಿದೆ. ಇನ್ನೂ ಸಂಕೋಚಪಟ್ಟುಕೊಂಡು ಕೂತರೆ ಯಾರೂ ಶಾಲು ಹೊದಿಸಿ ಸನ್ಮಾನ ಮಾಡುವುದಿಲ್ಲವಾದ್ದರಿಂದ ಹೇಳಿಯೇ ಬಿಡುತ್ತೇನೆ. ಘಾಟ್ಕೋಪರಿನಿಂದ ಫೋರ್ಟಿನವರೆಗೆ ಹೆಂಗಸೊಬ್ಬಳು ಮರ್ಯಾದೆಯಿಂದ ಹೋಗಿ ಬರಬಹುದಾದ ಟಾಯ್ಲೆಟ್ಟುಗಳು ಎಲ್ಲೆಲ್ಲಿವೆ, ಯಾವುದರ ಚಿಲಕ ಗಟ್ಟಿ, ಯಾವುದರ ನಲ್ಲಿಯಲ್ಲಿ ನೀರು ಬರುತ್ತದೆ, ಯಾವುದರ ಬಲ್ಬು ಹೋಗಿ ಎಷ್ಟು ತಿಂಗಳಾಯಿತು ಎಂಬ ವಿವರವೆಲ್ಲ ನನಗೆ ಬಾಯಿಪಾಠ. ನಕ್ಷೆ ದೊಡ್ಡದೇನಲ್ಲ. ರೈಲಿನ ಟಿಕೆಟ್ಟಿನ ಹಿಂದೆ ಬರೆದರೂ ಜಾಗ ಉಳಿಯುತ್ತದೆ.

ಧಾರವಾಡದ ಶಾಲೆಯಲ್ಲಿ ಈ ವಿಷಯ ಎಷ್ಟು ಸರಳವಾಗಿತ್ತು! ಕಿರುಬೆರಳು ಎತ್ತಿ "ಒಂದಕ್ಕ ಹೋಗಿ ಬರ್ಲೇನ್ರಿ?" ಎಂದರೆ ಅಕ್ಕೋರು ತಲೆಯಾಡಿಸುತ್ತಿದ್ದರು, ಮುಗಿಯಿತು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಬೆರಳೇನೋ ಕೈಯಲ್ಲೇ ಇತ್ತು, ಯಾರ ಮುಂದೆ ಎತ್ತುವುದೆಂದು ತಿಳಿಯಲಿಲ್ಲ. ಯಜಮಾನರ ಬಳಿ ಹೇಳಿಕೊಂಡರೆ, "ಅದರಾಗೇನದ? ಎಲ್ಲೆರ ಒಂದ್ ಕಡೆ ಹೋಗಿ ಬಂದ್ರಾತು" ಎಂದರು. ಗಂಡಸರಿಗೆ ಈ ಊರಿನಲ್ಲಿ ಗೋಡೆ ಇರುವಲ್ಲೆಲ್ಲ ಸೌಕರ್ಯ ಇದ್ದ ಹಾಗೆಯೇ. ಅವರಿಂದ ಗೋಡೆಯನ್ನು ಕಾಪಾಡುವುದಕ್ಕಾಗಿ ಬಿಲ್ಡಿಂಗಿನವರು ಎಲ್ಲ ಧರ್ಮಗಳ ದೇವರ ಚಿತ್ರವಿರುವ ಟೈಲ್ಸುಗಳನ್ನು ಸಾಲಾಗಿ ಅಂಟಿಸಿದ್ದಾರೆ. ಎಲ್ಲ ದೇವರೂ ಹೀಗೆ ಒಂದೇ ಸಾಲಿನಲ್ಲಿ, ಒಂದೇ ಕೆಲಸಕ್ಕೆ ನಿಂತಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೆಂಗಸರು ಕಂಡುಕೊಂಡ ಉಪಾಯ ಬೇರೆ. ನೀರು ಕುಡಿಯದೆ ಇರುವುದು. ಬೆಳಿಗ್ಗೆ ಎಂಟೂ ಇಪ್ಪತ್ತರ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ನೇತಾಡಿಕೊಂಡು ಬರುವವರಲ್ಲಿ ಅರ್ಧಕ್ಕರ್ಧ ಜನ ಈ ವ್ರತದವರೇ. ಮನೆಯಲ್ಲಿ ಅರ್ಧ ಕಪ್ಪು ಚಹಾ, ಮಧ್ಯಾಹ್ನ ಊಟವಾದ ಮೇಲೆ ಬಾಯಿ ಮುಕ್ಕಳಿಸುವಾಗ ಒಂದು ಗುಟುಕು ತಪ್ಪಿ ಒಳಗೆ ಹೋದರೆ ಅಷ್ಟು, ಉಳಿದದ್ದೆಲ್ಲ ಮನೆಗೆ ಮರಳಿದ ಮೇಲೆ. ಮೇ ತಿಂಗಳ ಸೆಕೆಯಲ್ಲಿ ಯಾರಾದರೂ ಬಾಟಲಿ ಮುಂದೆ ಚಾಚಿದರೆ ಗಂಟಲು ಹಾತೊರೆಯುತ್ತಿದ್ದರೂ "ನಕೋ, ನಕೋ" ಎನ್ನುತ್ತೇವೆ. ಋಷಿಗಳು ಕಾಡಿಗೆ ಹೋಗಿ ಮಾಡುತ್ತಿದ್ದದ್ದನ್ನು ನಾವು ಕುರ್ಲಾ ಸ್ಟೇಷನ್ನಿನಲ್ಲಿ ಮಾಡುತ್ತೇವೆ, ಆದರೆ ಯಾವ ದೇವರೂ ಪ್ರತ್ಯಕ್ಷನಾಗಿ ಏನು ವರ ಬೇಕೆಂದು ಕೇಳಿದ್ದಿಲ್ಲ. ಕೇಳಿದ್ದರೆ ಹೇಳಲು ನನ್ನ ಹತ್ತಿರ ಉತ್ತರ ತಯಾರಿತ್ತು.

ಆಫೀಸಿನಲ್ಲಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ನಾನು ಕೆಲಸ ಮಾಡುವುದು ಫೋರ್ಟಿನ ಒಂದು ಹಳೆಯ ಕಟ್ಟಡದಲ್ಲಿ, ಹಡಗಿನ ಸಾಮಾನುಗಳ ಕಾಗದಪತ್ರ ನೋಡುವ ಸಣ್ಣ ಕಂಪನಿಯಲ್ಲಿ. ಹನ್ನೊಂದು ಗಂಡಸರು ಮತ್ತು ನಾನು. ಲೇಡೀಸ್ ಟಾಯ್ಲೆಟ್ಟಿನ ಕೀ ಸಾಹೇಬರ ಕ್ಯಾಬಿನ್ನಿನಲ್ಲಿ, ಅವರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿರುತ್ತದೆ. ಯಾರೂ ಮರೆತು ಮನೆಗೆ ಒಯ್ಯದಿರಲೆಂದು ಅದಕ್ಕೆ ಒಂದು ಮೊಳ ಉದ್ದದ ಮರದ ಪಟ್ಟಿ ಕಟ್ಟಿದ್ದಾರೆ. ಅಂದರೆ ನಾನು ಹೋಗಬೇಕಾದರೆ ಮೊದಲು ಬಾಗಿಲು ತಟ್ಟಬೇಕು, ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದರೆ ಕಾಯಬೇಕು, ಅವರು ಕುರ್ಚಿ ಸರಿಸಿ ದಾರಿ ಬಿಡಬೇಕು, ಆಮೇಲೆ ನಾನು ಆ ಪಟ್ಟಿ ಹಿಡಿದುಕೊಂಡು ಹನ್ನೊಂದು ಮೇಜುಗಳ ಮಧ್ಯೆ ಮೆರವಣಿಗೆ ಹೊರಡಬೇಕು. ನಾನು ಹೊರಟ ಮತ್ತು ಮರಳಿದ ಸಮಯ ಎರಡೂ ಹನ್ನೊಂದು ಜನರಿಗೆ ಗೊತ್ತಾಗುತ್ತದೆ. ಸೇರಿದ ವರ್ಷ ಎರಡು ಸಲ ಹೋದೆ. ಆಮೇಲೆ ನೀರಿನ ವ್ರತವೇ ಮೇಲು ಎನಿಸಿತು.

ಸ್ಟೇಷನ್ನಿನಲ್ಲಿರುವುದು ಪ್ಲ್ಯಾಟ್‌ಫಾರ್ಮಿನ ತೀರಾ ತುದಿಗೆ. ಅಲ್ಲಿಗೆ ನಡೆದು ಮುಟ್ಟುವಷ್ಟರಲ್ಲಿ ಎರಡು ಲೋಕಲ್ ತಪ್ಪಿರುತ್ತವೆ, ಮುಟ್ಟಿದ ಮೇಲೆ ಬಾಗಿಲಿಗೆ ಬೀಗವಿರುತ್ತದೆ. ಬೀಗವಿಲ್ಲದಿದ್ದರೆ ನೆಲದ ಮೇಲೆ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಒಂದು ಕೈಯಿಂದ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಿಂದ ಚಿಲಕವಿಲ್ಲದ ಬಾಗಿಲನ್ನು ಒತ್ತಿಕೊಂಡು, ಹೊರಗಿನಿಂದ ಯಾರಾದರೂ ತಟ್ಟಿದಾಗಲೆಲ್ಲ ಒಳಗೆ ಜನ ಇದೆ ಎಂದು ತಿಳಿಯಲು "ಹೈ, ಹೈ!" ಎಂದು ಕೂಗುತ್ತಿರಬೇಕು. ಇಷ್ಟೆಲ್ಲವನ್ನೂ ಸಹಿಸಿಯೇನು, ನನ್ನ ಮುಖ್ಯ ತಕರಾರು ಪರ್ಸಿನದು. ಈ ಊರಿನ ಟಾಯ್ಲೆಟ್ಟುಗಳನ್ನು ಕಟ್ಟಿಸಿದ ಮಹಾನುಭಾವರಾರಿಗೂ ಹೆಂಗಸಿನ ಹೆಗಲಿಗೆ ಒಂದು ಪರ್ಸ್ ಇರುತ್ತದೆ ಎಂಬುದು ಹೊಳೆದಿಲ್ಲ. ನನ್ನದರಲ್ಲಿ ಟಿಫಿನ್ ಡಬ್ಬಿ, ಕೊಡೆ, ಕನ್ನಡಕ, ದಾರಿಯಲ್ಲಿ ಕೊಂಡ ಅರ್ಧ ಕಿಲೋ ತೊಂಡೆಕಾಯಿ, ರೈಲಿನಲ್ಲಿ ಓದುವ ವಿಷ್ಣು ಸಹಸ್ರನಾಮ. ದೇವರ ಪುಸ್ತಕ ಇರುವ ಪರ್ಸನ್ನು ಆ ನೆಲದ ಮೇಲೆ ಇಡುವುದು ಹೇಗೆ? ಕೊರಳಿಗೆ ತೂಗುಹಾಕಿಕೊಂಡರೆ ಬಗ್ಗಿದ ಕೂಡಲೇ ಮುಂದಕ್ಕೆ ಎಳೆಯುತ್ತದೆ. ಹಲ್ಲಿನಲ್ಲಿ ಕಚ್ಚಿ ಹಿಡಿದರೆ "ಹೈ, ಹೈ" ಎನ್ನಲು ಬಾಯಿ ಇರುವುದಿಲ್ಲ. ಬಾಗಿಲ ಹಿಂದೆ ಒಂದೇ ಒಂದು ಮೊಳೆ ಹೊಡೆದಿದ್ದರೆ ಸಾಕಿತ್ತು. ಇಷ್ಟು ಮೇಲ್ಸೇತುವೆ ಕಟ್ಟಿದ ಊರಿಗೆ ಒಂದು ಮೊಳೆ ಭಾರವಾಯಿತೇ ಎಂದು ಎಷ್ಟೋ ಸಲ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂದಿದೆ.

ಕೊನೆಗೆ ನನ್ನನ್ನು ಉಳಿಸಿದ್ದು ಉಡುಪಿ ಹೋಟೆಲು. ಆಫೀಸಿನಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಶೆಟ್ಟರೊಬ್ಬರ ಹಳೆಯ ಹೋಟೆಲಿದೆ. ಹಿಂದೆ ಕೈ ತೊಳೆಯುವ ಜಾಗ, ಅದರ ಪಕ್ಕದಲ್ಲಿ ಸಣ್ಣದೊಂದು ಲೇಡೀಸ್ ಟಾಯ್ಲೆಟ್ಟು. ಚಿಲಕ ಸ್ವಲ್ಪ ಸಡಿಲ, ಮೊಳೆ ಅಲ್ಲಿಯೂ ಇಲ್ಲ, ಆದರೆ ನೀರು ಇದೆ, ಬೆಳಕು ಇದೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಹೊರಬರಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾರದ್ದಾದರೂ ಮನೆಗೆ ಹೋಗಿ ಕುಂಕುಮ ಹಚ್ಚಿಸಿಕೊಳ್ಳದೆ ಎದ್ದು ಬಂದ ಹಾಗಾಗುತ್ತದೆ. ಹಾಗಾಗಿ ಪ್ರತಿದಿನ ಸಂಜೆ ಮೊದಲು ಒಂದು ಕಾಫಿ ಹೇಳುತ್ತೇನೆ, ಕೈ ತೊಳೆಯುವವಳಂತೆ ಹಿಂದೆ ಹೋಗಿ ಬರುತ್ತೇನೆ, ಬಂದು ಎರಡು ಗುಟುಕು ಕುಡಿದು ಉಳಿದದ್ದನ್ನು ಹಾಗೇ ಬಿಟ್ಟು ಎದ್ದುಬಿಡುತ್ತೇನೆ. ಪೂರ್ತಿ ಕುಡಿದರೆ ದಾದರ್ ಬರುವಷ್ಟರಲ್ಲಿ ಮತ್ತೆ ಮೊದಲಿನ ಕಥೆಯೇ. ಎಂಟು ವರ್ಷದಿಂದ ಈ ಏರ್ಪಾಡು ನಡೆದಿದೆ.

ಇನ್ನೊಂದು ಗುಟ್ಟು. ಆ ಹೋಟೆಲಿನಲ್ಲಿ ನಾನು ಎಂದೂ ಕನ್ನಡ ಮಾತಾಡಿದವಳಲ್ಲ. ಅಭಿಮಾನ ಇಲ್ಲವೆಂದಲ್ಲ, ಅನುಭವ ಇದೆ. ಹಿಂದೊಮ್ಮೆ ಮಾಟುಂಗಾದಲ್ಲಿ ತಡೆಯಲಾಗದೆ ಒಂದು ಹೋಟೆಲಿಗೆ ನುಗ್ಗಿ, ನಮ್ಮವರಾದರೆ ಬೇಗ ದಾರಿ ತೋರಿಸಿಯಾರೆಂದು ಕನ್ನಡದಲ್ಲಿ ಕೇಳಿದೆ. ಗಲ್ಲಾದಲ್ಲಿ ಕೂತವರ ಮುಖ ಅರಳಿತು. "ಓಹೋ, ಕನ್ನಡದವರಾ! ಯಾವ ಊರು?" ಎಂದರು. ಧಾರವಾಡ ಎಂದೆ. ಧಾರವಾಡದಲ್ಲಿ ಎಲ್ಲಿ ಎಂದರು. ಅವರ ಷಡ್ಡಕ ಅಲ್ಲಿ ಹೋಟೆಲಿಟ್ಟು ಮುಚ್ಚಿದ ಕಥೆ ಹೇಳಿದರು. ಒಳಗಿನಿಂದ ತಮ್ಮನನ್ನು ಕರೆಸಿ ಪರಿಚಯ ಮಾಡಿಸಿದರು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಷಡ್ಡಕರ ಮಕ್ಕಳ ವಿದ್ಯಾಭ್ಯಾಸದವರೆಗೂ ಕೇಳಿದೆ. ಅಂದಿನಿಂದ ಹೋಟೆಲಿನಲ್ಲಿ ನನ್ನದು ಶುದ್ಧ ಮರಾಠಿ. "ಏಕ್ ಕಾಫಿ ದ್ಯಾ" ಎಂದರೆ ಕಾಫಿ ಬರುತ್ತದೆ, ಊರು ಯಾರೂ ಕೇಳುವುದಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿರುವಾಗ ಹೋದ ವರ್ಷ ಸೊಂಟದ ಎಡಗಡೆ ನೋವು ಶುರುವಾಯಿತು. ಮೊದಲು ಲೋಕಲಿನ ತಳ್ಳಾಟದ್ದೆಂದುಕೊಂಡೆ, ಆಮೇಲೆ ವಾಯು ಎಂದುಕೊಂಡು ಓಮಿನ ಕಾಳು ತಿಂದೆ. ಒಂದು ದಿನ ಅಡುಗೆಮನೆಯಲ್ಲಿ ನೋವಿಗೆ ಕಟ್ಟೆ ಹಿಡಿದುಕೊಂಡು ಕೂತೇ ಬಿಟ್ಟಾಗ ಯಜಮಾನರ ಮುಖ ಬಿಳುಚಿಕೊಂಡಿತು. ಏನಿರಬಹುದೋ ಎಂದು ನನಗೂ ಒಳಗೊಳಗೇ ಹೆದರಿಕೆ. ಘಾಟ್ಕೋಪರಿನ ನಮ್ಮ ಡಾಕ್ಟರು ಪರೇಲಿನ ಆಸ್ಪತ್ರೆಯಲ್ಲಿ ಸೋನೋಗ್ರಫಿ ಮಾಡಿಸಲು ಬರೆದುಕೊಟ್ಟರು. ಒಂದು ಸಲ ಆಫೀಸಿನ ಕೆಲಸಕ್ಕೆ, ಇನ್ನೊಂದು ಸಲ ಬೆಳಗಾವಿಯಿಂದ ನೆಂಟರು ಬಂದರೆಂದು ತಪ್ಪಿಸಿದೆ. ಮೂರನೇ ಸಲ ತಾರೀಖು ಕೊಡುವಾಗ ಫೋನಿನಲ್ಲಿದ್ದ ಹುಡುಗಿ ಖಡಾಖಂಡಿತವಾಗಿ ಹೇಳಿದಳು, ಈ ಸಲ ಬಾರದಿದ್ದರೆ ಮುಂದಿನ ತಿಂಗಳು. ಇನ್ನೊಂದು ಮಾತು ಸೇರಿಸಿದಳು. ಮನೆಯಿಂದ ಹೊರಡುವ ಮೊದಲು ಒಂದು ಲೀಟರ್ ನೀರು ಕುಡಿಯಬೇಕು, ಪರೀಕ್ಷೆ ಮುಗಿಯುವವರೆಗೆ ಒಂದಕ್ಕೆ ಹೋಗಬಾರದು.

ನಾನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಇಪ್ಪತ್ತೈದು ವರ್ಷ ನೀರು ಕುಡಿಯದೆ ತಪಸ್ಸು ಮಾಡಿದವಳಿಗೆ ಲೀಟರ್ ನೀರು ಕುಡಿದು ಲೋಕಲ್ ಹತ್ತು ಎನ್ನುತ್ತಿದ್ದಾರೆ! ಯಜಮಾನರು ಲೋಟದ ಮೇಲೆ ಲೋಟ ತುಂಬಿಸಿಕೊಟ್ಟು, "ಕುಡೀ, ಕುಡೀ, ಇನ್ನೊಂದ ಲೋಟ ಅಷ್ಟ" ಎಂದು ಮಗುವಿಗೆ ಔಷಧಿ ಕುಡಿಸುವಂತೆ ಕುಡಿಸಿದರು. ತಾವೂ ಬರುತ್ತೇನೆಂದರು, ನಾನೇ ಬೇಡವೆಂದೆ. ಆ ಸ್ಥಿತಿಯಲ್ಲಿ ಪಕ್ಕದಲ್ಲಿ ಕೂತು "ಅದರಾಗೇನದ" ಎಂದರೆ ನನ್ನ ಬಾಯಿಂದ ಏನು ಬರುತ್ತಿತ್ತೋ ಹೇಳಲಾಗದು. ಸಾಯನ್ ದಾಟುವವರೆಗೆ ಪರವಾಗಿರಲಿಲ್ಲ. ಮಾಟುಂಗಾದ ಹತ್ತಿರ ರೈಲು ಸಿಗ್ನಲ್ಲಿಗೆ ನಿಂತಾಗ ವಿಷ್ಣು ಸಹಸ್ರನಾಮ ತೆಗೆದೆ. ನೂರನೇ ನಾಮ ಮುಟ್ಟುವಷ್ಟರಲ್ಲಿ ರೈಲು ಹೊರಟಿತು.

ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ ಸೋನೋಗ್ರಫಿಗೆ ಕಾಯುವ ಹಾಲ್. ಮೂವತ್ತು ಕುರ್ಚಿಗಳಿದ್ದರೂ ಕೂತವರು ಕಡಿಮೆ. ಹೆಂಗಸರೆಲ್ಲ ಗೋಡೆಗುಂಟ ನಿಧಾನವಾಗಿ ಅತ್ತಿಂದಿತ್ತ ನಡೆಯುತ್ತಿದ್ದರು. ಯಾರೂ ಯಾರೊಂದಿಗೂ ಮಾತಾಡುತ್ತಿಲ್ಲ, ಎಲ್ಲರ ದೃಷ್ಟಿಯೂ ಒಳಗಿನ ಬಾಗಿಲ ಮೇಲೆ. ಆ ಹಾಲ್‌ನ ಮೂಲೆಯಲ್ಲಿ ಒಂದು ಲೇಡೀಸ್ ಟಾಯ್ಲೆಟ್ಟು. ಬಾಗಿಲು ತೆರೆದೇ ಇತ್ತು, ಹಾದುಹೋಗುವಾಗ ಇಣುಕಿ ನೋಡಿದೆ. ಏನು ಹೇಳಲಿ! ನೆಲ ಒಣಗಿ ಫಳಫಳ ಹೊಳೆಯುತ್ತಿದೆ. ಹಿತ್ತಾಳೆಯ ಚಿಲಕ. ನಲ್ಲಿಯಲ್ಲಿ ನೀರು, ಪಕ್ಕದಲ್ಲಿ ಸೋಪು. ಬಾಗಿಲ ಹಿಂದೆ ಒಂದಲ್ಲ, ಎರಡು ಕೊಕ್ಕೆ. ಕಾವಲಿಲ್ಲ, ಕ್ಯೂ ಇಲ್ಲ, ಕೀ ಇಲ್ಲ. ಇಪ್ಪತ್ತೈದು ವರ್ಷ ಇಡೀ ಮುಂಬಯಿಯಲ್ಲಿ ನಾನು ಹುಡುಕಿದ ಟಾಯ್ಲೆಟ್ಟು ಕಣ್ಣ ಮುಂದೆ ಇದೆ, ಒಳಗೆ ಹೋಗುವಂತಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಮ್ಮ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಅದಕ್ಕೆ ಬೆನ್ನು ತಿರುಗಿಸಿ ಕೂತುಕೊಂಡೆ.

ನನ್ನ ನಂಬರು ಹನ್ನೊಂದು. ಡಾಕ್ಟರು ಬರುವುದು ಸ್ವಲ್ಪ ತಡವಾಗಿ ಆಗಿನ್ನೂ ಏಳನೇ ನಂಬರು ನಡೆದಿತ್ತು. ಪಕ್ಕದ ಕುರ್ಚಿಯಲ್ಲಿ ನನ್ನ ವಯಸ್ಸಿನವರೇ ಒಬ್ಬರು, ದೊಡ್ಡ ಮೂಗುತಿ, ಮುಡಿಯಲ್ಲಿ ಅಬ್ಬಲಿಗೆ ಹೂ, ಕಣ್ಣು ಮುಚ್ಚಿ "ಅಯ್ಯೋ ದೇವೆರೇ" ಎಂದು ತುಳುವಿನಲ್ಲಿ ದೇವರನ್ನು ಕರೆದರು. ಅವರ ನಂಬರು ಹನ್ನೆರಡು. ನನ್ನ ನಿಯಮ ಮರೆತು ಬಾಯಿ ತಾನಾಗಿ ತೆರೆಯಿತು. "ಕನ್ನಡ ಬರತದೇನ್ರಿ?" ಎಂದೆ.

"ಬರ್ತದೆ ಮಾರಾಯ್ರೆ" ಎಂದು ಕಣ್ಣು ಬಿಟ್ಟರು. "ಎಂತ ಅವಸ್ಥೆ ನೋಡಿ ನಮ್ದು! ನಿಮ್ಗೆ ಯಾವ ಊರು?"

ಊರು ಹೇಳಿದೆ. ಅವರು ಸರೋಜಕ್ಕ, ಉಡುಪಿಯ ಕಡೆಯವರು, ಮದುವೆಯಾಗಿ ಬಂದು ಮೂವತ್ತು ವರ್ಷವಾಯಿತಂತೆ. ಕಷ್ಟದಲ್ಲಿ ಭಾಷೆ ಸಿಕ್ಕಿದರೆ ಅರ್ಧ ಕಷ್ಟ ಇಳಿಯುತ್ತದೆ ಎನ್ನುತ್ತಾರಲ್ಲ, ನನಗಂತೂ ಇಳಿಯಲಿಲ್ಲ, ಆದರೆ ಸಮಯ ಸರಿಯಿತು. ಅಷ್ಟರಲ್ಲಿ ಸಿಸ್ಟರ್ ಬಾಗಿಲಿಗೆ ಬಂದು "ಕುಲ್ಕರ್ಣೀ!" ಎಂದು ಕೂಗಿದಳು. ಎದ್ದೆ. ಎದ್ದವಳು ಸುಮ್ಮನೆ ಒಳಗೆ ಹೋಗಬೇಕಿತ್ತು. ಆದರೆ ಸರೋಜಕ್ಕನ ಕಣ್ಣಲ್ಲಿ ನೀರು ನಿಂತಿದ್ದು ಕಾಣಿಸಿತು. ಪರಿಚಯವಾದವರನ್ನು ಹಾಗೆ ಬಿಟ್ಟು ತಾನು ಮುಂದೆ ಹೋಗುವುದು ನಮ್ಮಲ್ಲಿ ಉಂಟೇ?

"ನೀವ ಮೊದಲ ಹೋಗಿ ಬರ್ರಿ, ನಾ ಇನ್ನೊಂದಿಷ್ಟು ತಡಕೋತೀನಿ" ಎಂದೆ.

"ಛೆ ಛೆ, ನಿಮ್ಮ ನಂಬರ್ ಅಲ್ವಾ? ನೀವು ಹೋಗಿ."

"ಅಯ್ಯ, ನಂಬರಿಂದೇನ್ರಿ? ನೀವು ಹಿರ್ಯಾರು, ನೀವ ಹೋಗ್ರಿ."

"ಹಿರಿಯರು ಎಂತದ್ದು? ನಂಗೆ ಐವತ್ತೊಂದು ಆದದ್ದಷ್ಟೆ! ನೀವು ಹೋಗಿ ಅಂದ್ರೆ ಹೋಗಿ."

ಇಬ್ಬರ ಹೊಟ್ಟೆಯಲ್ಲೂ ಲೀಟರ್ ಲೀಟರ್ ನೀರು ತುಳುಕುತ್ತಿದೆ, ಇಬ್ಬರೂ ಮದುವೆಮನೆಯಲ್ಲಿ ಎಲೆಯ ಮುಂದೆ ನಿಂತು ಉಪಚಾರ ಮಾಡುವವರ ಹಾಗೆ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದೇವೆ. ಸಿಸ್ಟರ್ ಎರಡನೇ ಸಲ ಕೂಗಿದಳು. ಮೂರನೇ ಸಲ ಕೂಗಲಿಲ್ಲ. ನಮ್ಮ ಹಿಂದೆ ಕೂತಿದ್ದ ಹದಿಮೂರನೇ ನಂಬರಿನ ಹೆಂಗಸು, ಯಾವ ಭಾಷೆಯವಳೋ, ಯಾವ ಉಪಚಾರವನ್ನೂ ಮಾಡದೆ ಎದ್ದು ಸೀದಾ ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾವಿಬ್ಬರೂ ಮತ್ತೆ ಕುರ್ಚಿಗೆ ಮರಳಿದೆವು.

"ಹೋಗ್ಲಿ ಬಿಡಿ, ಹತ್ತು ನಿಮಿಷ ಅಲ್ವಾ. ಏನಾದ್ರೂ ಮಾತಾಡುವ, ಗಮನ ಬೇರೆ ಕಡೆ ಹೋಗ್ಲಿ" ಎಂದು ಸರೋಜಕ್ಕ ಶುರುಮಾಡಿದರು. ಅವರ ಯಜಮಾನರದ್ದು ಫೋರ್ಟಿನಲ್ಲಿ ಹೋಟೆಲಂತೆ. ಅಜ್ಜನ ಕಾಲದ್ದು. ಕಾಫಿಗೆ ಹೆಸರಾದದ್ದು. "ಆದ್ರೆ ನಮ್ಮವರಿಗೆ ಈಚೆಗೆ ಒಂದು ದೊಡ್ಡ ಚಿಂತೆ ಉಂಟು" ಎಂದರು. "ದಿನಾ ಸಂಜೆ ಒಬ್ರು ಮರಾಠಿ ಬಾಯಿ ಬರ್ತಾರಂತೆ. ತುಂಬಾ ಮಡಿಯವರಿರ್ಬೇಕು ಅಂತಾರೆ ಇವ್ರು, ಬಂದ ಕೂಡ್ಲೇ ಕೈ ತೊಳೀಲಿಕ್ಕೆ ಹೋಗ್ತಾರಂತೆ. ತೊಳೀತಾರೆ ತೊಳೀತಾರೆ, ಐದು ನಿಮಿಷ ತೊಳೀತಾರೆ! ಮತ್ತೆ ಬಂದು ಕಾಫಿ ಎರಡೇ ಎರಡು ಗುಟುಕು. ಅಷ್ಟೆ! ಮುಖ ಸೊಟ್ಟ ಮಾಡಿ ಲೋಟ ಇಟ್ಟು ಎದ್ದು ಹೋಗ್ತಾರೆ."

ನನ್ನ ಕಿವಿ ಬಿಸಿಯಾಯಿತು. "ಹೌದೇನ್ರಿ?" ಎಂದೆ.

"ಎಂಟು ವರ್ಷದಿಂದ ಮಾರಾಯ್ರೆ! ಇವ್ರು ಕಾಫಿ ಪುಡಿ ಎರಡು ಸಲ ಬದಲಿಸಿದ್ರು. ಹಾಲಿನವನನ್ನು ಬದಲಿಸಿದ್ರು. ಕಾಫಿ ಮಾಡುವವನಿಗೆ ಬೈದು ಬೈದು ಅವ ಊರಿಗೇ ಹೋದ. ಆ ಬಾಯಿ ಹೋದ ಮೇಲೆ ಇವ್ರೇ ಹೋಗಿ ಲೋಟ ಎತ್ತಿ ನೋಡ್ತಾರೆ, ಎಷ್ಟು ಉಳಿದಿದೆ ಅಂತ. ಮನೆಗೆ ಬಂದು 'ಸರೋಜ, ಇವತ್ತೂ ಕುಡೀಲಿಲ್ಲ' ಅಂತಾರೆ. ಅಜ್ಜನ ಹೆಸರು ಹೋಯ್ತು ಅಂತ ಊಟ ಸೇರುದಿಲ್ಲ."

ಶೆಟ್ಟರು ಗಲ್ಲಾದಿಂದ ಎದ್ದು ಬಂದು, ನನ್ನ ಎಂಜಲು ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ಮೊದಲು ನಾಚಿಕೆಯಾಯಿತು, ಪಾಪ ಎನಿಸಿತು, ಆಮೇಲೆ ಹೊಟ್ಟೆಯ ತಳದಿಂದ ನಗು ಎದ್ದಿತು. ಲೀಟರ್ ನೀರು ಕುಡಿದವರು ನಗಬಾರದು ಎಂದು ಆಸ್ಪತ್ರೆಯವರು ಹೇಳಿರಲಿಲ್ಲ, ಆದರೆ ಅದು ನನಗೇ ತಿಳಿದಿತ್ತು. ತುಟಿ ಕಚ್ಚಿದೆ. ಸೀರೆಯ ಸೆರಗು ಬಾಯಿಗೆ ತುರುಕಿಕೊಂಡೆ. ಹೋದ ತಿಂಗಳು ತೀರಿಕೊಂಡ ನಾದಿನಿಯ ಮಾವನನ್ನು ನೆನೆದೆ. ಅಷ್ಟರಲ್ಲಿ ಸರೋಜಕ್ಕ, "ಈಗ ಗಣಪತಿಗೆ ಹೇಳಿಕೊಂಡಿದ್ದಾರೆ. ಆ ಬಾಯಿ ಒಂದು ದಿನ ಪೂರ್ತಿ ಕಾಫಿ ಕುಡಿದ್ರೆ ಇಪ್ಪತ್ತೊಂದು ತೆಂಗಿನಕಾಯಿ ಒಡೀತಾರಂತೆ" ಎಂದರು. ಅಲ್ಲಿಗೆ ಮುಗಿಯಿತು. ನಗು ಕಟ್ಟೆ ಒಡೆಯಿತು, ಇನ್ನೊಂದು ಕಟ್ಟೆ ಒಡೆಯುವ ಮೊದಲು ನಾನು ಎದ್ದು ಮೂಲೆಯ ಬಾಗಿಲಿಗೆ ಓಡಿದೆ. ಹಿಂದಿನಿಂದ ಸಿಸ್ಟರ್ "ಕುಲ್ಕರ್ಣೀ!" ಎಂದು ಕೂಗಿದ್ದು ಕೇಳಿಸಿತು. ಹಿತ್ತಾಳೆಯ ಚಿಲಕ ಹಾಕಿದೆ, ಎರಡು ಕೊಕ್ಕೆಯಿದ್ದರೂ ಪರ್ಸ್ ತೂಗುಹಾಕಲು ಪುರಸೊತ್ತಿರಲಿಲ್ಲ, ಕೊರಳಿಗೇ ಹಾಕಿಕೊಂಡೆ. ಮುಂಬಯಿಯಲ್ಲಿ ಅಷ್ಟು ಸುಖ ನಾನು ಹಿಂದೆಂದೂ ಪಟ್ಟಿರಲಿಲ್ಲ.

ಹೊರಗೆ ಬಂದಾಗ ಸಿಸ್ಟರ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅಳುಬುರುಕ ದನಿಯಲ್ಲಿ ಬೇಡಿಕೊಂಡೆ. ಕೊನೆಗೆ ಮತ್ತೆ ಒಂದು ಲೀಟರ್ ಕುಡಿದು ಎಲ್ಲರ ಕೊನೆಗೆ ಕೂರಲು ಒಪ್ಪಿಗೆ ಸಿಕ್ಕಿತು. ಸರೋಜಕ್ಕ ತಮ್ಮ ಪರೀಕ್ಷೆ ಮುಗಿಸಿಕೊಂಡು, ಹಗುರಾದ ಮುಖದಿಂದ ಬಂದು ನನ್ನ ಪಕ್ಕದಲ್ಲೇ ಕೂತರು. ಎರಡು ಗಂಟೆ ಕೂತರು. ಅಂಥ ಪುಣ್ಯಾತ್ಮರಿಗೆ ಮೋಸ ಮಾಡಲು ಮನಸ್ಸಾಗಲಿಲ್ಲ. ಆ ಮರಾಠಿ ಬಾಯಿ ನಾನೇ ಎಂದು ಹೇಳಿದೆ. ಸಾಹೇಬರ ಕೀ, ಮರದ ಪಟ್ಟಿ, ಸ್ಟೇಷನ್ನು, ಪರ್ಸು, ಮೊಳೆ, ಎಲ್ಲ ಹೇಳಿದೆ. ಸರೋಜಕ್ಕ ನಗಲಿಲ್ಲ. ನನ್ನ ಕೈ ಹಿಡಿದು, "ನಂಗೂ ಇದೇ ಅಲ್ವಾ, ನೀರು ಕುಡೀದೆ ಕುಡೀದೆ ಅದಕ್ಕೇ ಇಲ್ಲಿ ಬಂದದ್ದು" ಎಂದರು. ಲೋಕಲಿನಲ್ಲಿ ಅಷ್ಟು ಜನ ಈ ವ್ರತದವರಿದ್ದರೂ ಇದನ್ನು ಬಾಯಿಬಿಟ್ಟು ಹೇಳಿದವರು ಇವರೇ ಮೊದಲು.

ಕೊನೆಗೂ ಪರೀಕ್ಷೆಯಾಯಿತು. ಹೆದರಿದಂಥದ್ದೇನಲ್ಲ, ಎಡಗಡೆ ಒಂದು ಸಣ್ಣ ಕಲ್ಲು. ಡಾಕ್ಟರಮ್ಮ ಪರದೆಯಿಂದ ಕಣ್ಣೆತ್ತದೆ, "ಪಾನಿ ಪೀತೇ ಹೋ ಕಿ ನಹೀ?" ಎಂದು ಗದರಿದರು. ದಿನಕ್ಕೆ ಮೂರು ಲೀಟರ್, ತಡೆಹಿಡಿಯುವುದು ಪೂರ್ತಿ ಬಂದ್, ಇಲ್ಲವಾದರೆ ಮುಂದಿನ ಸಲ ಆಪರೇಷನ್ ಎಂದರು. ನಾನು ಹೂಂ ಎಂದೆ, ಈ ಸಲ ಮನಸ್ಸಿನಿಂದಲೇ ಎಂದೆ. ಇನ್ನು ಮುಂದೆ ಯಾವ ಸಂಕೋಚವೂ ಇಲ್ಲ. ಹಸಿವಾದರೆ ಊಟ ಕೇಳಲು ನಾಚದವಳು ಇದಕ್ಕೇಕೆ ನಾಚಬೇಕು? ಲೋಕಲಿನಲ್ಲಿ ಮನೆಗೆ ಮರಳುವಾಗ ನನಗೆ ನಾನೇ ಭಾಷಣ ಮಾಡಿಕೊಂಡೆ.

ಮರುದಿನ ಹೊಸ ಬಾಟಲಿ ಒಯ್ದು ಆಫೀಸಿನಲ್ಲಿ ಐದು ಗಂಟೆಯೊಳಗೆ ಖಾಲಿ ಮಾಡಿದೆ. ಐದೂವರೆಗೆ ಹೋಟೆಲಿಗೆ ಹೊರಟಾಗ ನನ್ನ ನಡಿಗೆಯೇ ಬೇರೆಯಾಗಿತ್ತು. ಇವತ್ತು ಕಾಫಿಯ ನೆಪ ಬೇಡ, ನೇರವಾಗಿ ಒಳಗೆ ಹೋಗುವುದು, ಬರುವುದು. ಒಳಗೆ ಕಾಲಿಟ್ಟೆನೋ ಇಲ್ಲವೋ, ಗಲ್ಲಾದಲ್ಲಿದ್ದ ಶೆಟ್ಟರು ಎದ್ದು ನಿಂತರು. ಆಫೀಸು ಬಿಟ್ಟ ಹೊತ್ತು, ಹೋಟೆಲು ಕಿಕ್ಕಿರಿದಿತ್ತು, ಅದರಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಒಂದು ಮೇಜಿನಲ್ಲಿ ನಮ್ಮ ಆಫೀಸಿನ ಇಬ್ಬರು ದೋಸೆ ತಿನ್ನುತ್ತಿದ್ದರು.

"ಬನ್ನಿ ಅಕ್ಕಾ, ಬನ್ನಿ!" ಶೆಟ್ಟರ ದನಿ ಅಡುಗೆಮನೆಗೆ ಆರ್ಡರ್ ಕೂಗಿ ಕೂಗಿ ಪಳಗಿದ್ದು. "ಸರೋಜ ಎಲ್ಲ ಹೇಳಿದ್ಲು! ನೀವು ನಮ್ಮವರೇ ಅಂತ ಎಂಟು ವರ್ಷ ಗೊತ್ತೇ ಇಲ್ಲ ನೋಡಿ! ಇನ್ನು ಕಾಫಿ ಗೀಫಿ ಎಂತ ಬೇಡ. ಲೇಡೀಸ್ ಟಾಯ್ಲೆಟ್ ತೊಳೆಸಿ ಇಟ್ಟಿದ್ದೇನೆ. ಚಿಲಕ ಹೊಸತು ಹಾಕಿಸಿದ್ದೇನೆ. ನಿಮ್ಮ ಪರ್ಸ್ ತೂಗ್ಲಿಕ್ಕೆ ಬಾಗಿಲ ಹಿಂದೆ ಮೊಳೆ ಸಹ ಹೊಡೆಸಿದ್ದೇನೆ. ನಿಧಾನಕ್ಕೆ ಹೋಗಿ ಬನ್ನಿ!" ಕನ್ನಡ ತಿಳಿಯದವರಿಗೆ ಅನ್ಯಾಯವಾಗದಿರಲೆಂದೋ ಏನೋ, ವೇಟರಿನ ಕಡೆ ತಿರುಗಿ, "ಮೇಡಂ ಕೋ ಟಾಯ್ಲೆಟ್ ದಿಖಾವ್!" ಎಂದೂ ಕೂಗಿದರು.

ಚಮಚಗಳು ನಿಂತವು. ದೋಸೆ ತಿನ್ನುತ್ತಿದ್ದ ನಮ್ಮ ಆಫೀಸಿನವರು ನನ್ನತ್ತ ನೋಡಿ, ಸಭ್ಯರಾದ್ದರಿಂದ ತಟ್ಟೆ ನೋಡಿದರು. ಶೆಟ್ಟರ ಮುಖದಲ್ಲಿ ಅಪ್ಪಟ ಪ್ರೀತಿ. ನನಗಾಗಿ ಇಡೀ ಮುಂಬಯಿಯಲ್ಲಿ ಯಾರಾದರೂ ಒಂದು ಮೊಳೆ ಹೊಡೆಸಿದ್ದು ಅದೇ ಮೊದಲು. ಹಿಂದಿನ ದಿನದ ನನ್ನ ಭಾಷಣ ಗಂಟಲಲ್ಲೇ ಉಳಿಯಿತು.

"ಅಯ್ಯ, ಇಲ್ರಿ ಶೆಟ್ರ" ಎಂಬ ದನಿ ಕೇಳಿಸಿತು, ನನ್ನದೇ. "ನಾ ಕಾಫಿ ಕುಡೀಲಿಕ್ಕೇ ಬಂದೀನ್ರಿ."

ಕಾಫಿ ಬಂತು. ಶೆಟ್ಟರು ಗಲ್ಲಾದಿಂದಲೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಇಪ್ಪತ್ತೊಂದು ತೆಂಗಿನಕಾಯಿ ನೆನಪಾಗಿ ತಳ ಕಾಣುವವರೆಗೆ ಕುಡಿದೆ. ಅವರು ಓಡಿ ಬಂದು ಲೋಟದೊಳಗೆ ನೋಡಿದರು. "ಹೇಗಿತ್ತು ಅಕ್ಕ?" ಎಂದರು. "ಭಾಳ ಛಲೋ ಆಗೇದ್ರಿ" ಎಂದೆ, ಸುಳ್ಳಲ್ಲ, ಅಂಥ ಕಾಫಿಯನ್ನು ಎಂಟು ವರ್ಷ ಚೆಲ್ಲಿದ್ದೆ. "ಹಾಗಾದ್ರೆ ಇನ್ನೊಂದು!" ಎಂದರು. ಬೇಡವೆನ್ನಲು ಬಾಯಿ ಬರಲಿಲ್ಲ. ಎರಡನೆಯದನ್ನೂ ಕುಡಿದು, ಟಾಯ್ಲೆಟ್ಟಿನ ಕಡೆ ತಿರುಗಿಯೂ ನೋಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಗೆ ಬಂದೆ. ಅಂದು ಘಾಟ್ಕೋಪರಿನವರೆಗೆ ಸಹಸ್ರನಾಮ ಎರಡು ಸಲ ಮುಗಿಯಿತು.

ಈಗ ನನ್ನ ದಿನಚರಿ ಬದಲಾಗಿದೆ. ಐದು ಗಂಟೆಗೆ ಸಾಹೇಬರ ಬಾಗಿಲು ತಟ್ಟುತ್ತೇನೆ. ಮರದ ಪಟ್ಟಿ ಹಿಡಿದು ಹನ್ನೊಂದು ಮೇಜುಗಳ ಮಧ್ಯೆ ಹೋಗಿ ಬರುತ್ತೇನೆ. ಹೋಟೆಲಿನಲ್ಲಿ ಅಷ್ಟು ಜನರ ಮುಂದೆ ಆದ ಮೇಲೆ ಈ ಹನ್ನೊಂದು ಮಂದಿ ಯಾವ ಲೆಕ್ಕ? ಎಲ್ಲ ಮುಗಿಸಿಕೊಂಡೇ ಶೆಟ್ಟರ ಹೋಟೆಲಿಗೆ ಹೋಗಿ, ಊರಿನ ಸುದ್ದಿ ಮಾತಾಡುತ್ತ ಒಂದು ಲೋಟ ಕಾಫಿಯನ್ನು ಪೂರ್ತಿಯಾಗಿ ಕುಡಿಯುತ್ತೇನೆ. ನೀರೂ ಕುಡಿಯುತ್ತೇನೆ, ನೋವು ಕಡಿಮೆಯಾಗಿದೆ. ಮೊನ್ನೆ ಸರೋಜಕ್ಕ ಫೋನು ಮಾಡಿ ಆರೋಗ್ಯ ವಿಚಾರಿಸಿದರು. ಕೊನೆಗೆ, "ಹೇಳಿ, ಇವ್ರು ಹೊಡೆಸಿದ ಮೊಳೆ ಹೇಗುಂಟು? ಗಟ್ಟಿ ಉಂಟಾ?" ಎಂದು ಕೇಳಿದರು.

"ಭಾಳ ಗಟ್ಟಿ ಅದರಿ" ಎಂದೆ. ನೋಡಿದ್ದರೆ ತಾನೇ.